ಬೆಳಕು ಮದ್ದಾಗುವ ಬಗೆ

ಕಬ್ಬು ಕಡಿಯುವ ಕಾಲದಲ್ಲಿ ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಕೂಳೆ ಕಾಲಿಗೆ ಚುಚ್ಚುವುದು, ರವದಿ ಕೈ ಕೊಯ್ಯುವುದು ದಿನನಿತ್ಯದ ಮಾತು. ಮನೆಗೆ ಬಂದೊಡನೆ ಗಾಯದ ಮೇಲೆ ಒಂದು ಚಿಟಿಕೆ ಅರಿಷಿಣ ಉದುರಿಸುವುದೂ ಅಷ್ಟೇ ರೂಢಿ. ಹೆಚ್ಚಿನ ಗಾಯಗಳು ಮಾಯುತ್ತವೆ. ಆದರೆ ಸಕ್ಕರೆ ಬೇನೆಯಿರುವ ಹಿರಿಯರೊಬ್ಬರ ಪಾದದಲ್ಲಿ ಅಂಥದೇ ಗಾಯ ಕೀವುಗಟ್ಟಿತೆನ್ನಿ. ಒಂದು ಗುಳಿಗೆ ನಾಟುವುದಿಲ್ಲ, ಎರಡನೆಯದೂ ನಾಟುವುದಿಲ್ಲ. ಕೀವಿನ ಪರೀಕ್ಷೆ ಮಾಡಿಸಿದರೆ, ಇಂತಿಂಥ ಔಷಧಗಳಿಗೆ ಈ ರೋಗಾಣು ಬಗ್ಗುವುದಿಲ್ಲವೆಂದು ಚೀಟಿ ಬರುತ್ತದೆ. ಬೆರಳೋ ಪಾದವೋ ಹೋದೀತೆಂಬ ಭಯ ಅಲ್ಲಿಂದ ಮೊದಲಾಗುತ್ತದೆ.

ರೋಗಾಣು ಇಷ್ಟು ಹಟಮಾರಿಯಾದುದು ಹೇಗೆ? ಕೆಲವು ರೋಗಾಣುಗಳ ಸಂಖ್ಯೆ ಅನುಕೂಲ ದೊರೆತರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಗುಳಿಗೆಗಳಲ್ಲಿ ಬಹುಪಾಲು ರೋಗಾಣುವಿನ ಯಾವುದೋ ಒಂದು ಮರ್ಮವನ್ನು ಹುಡುಕಿ ಹೊಡೆಯುವಂಥವು. ಕೋಟ್ಯಂತರ ಮರಿಗಳಲ್ಲಿ ಆ ಮರ್ಮ ಸ್ವಲ್ಪ ಬದಲಾದದ್ದು ಒಂದು ಹುಟ್ಟಿದರೆ ಸಾಕು, ಉಳಿದವು ಸತ್ತ ಜಾಗದಲ್ಲಿ ಅದರ ಸಂತಾನವೇ ತುಂಬಿಕೊಳ್ಳುತ್ತದೆ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ ಈ ಅಪಾಯದ ಮಾತನ್ನಾಡಿದ್ದರು. ಔಷಧಕ್ಕೆ ಬಗ್ಗದ ರೋಗಾಣುಗಳಿಂದಾಗಿಯೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ವಿಜ್ಞಾನಿಗಳ ಅಂದಾಜು.

ಇಂಥ ರೋಗಾಣುವಿನ ಮೇಲೆ ಬೆಳಕನ್ನು ಪ್ರಯೋಗಿಸುವ ಉಪಾಯವೊಂದುಂಟು. ಇದು ತೀರ ಹೊಸದಲ್ಲ. ಜರ್ಮನಿಯ ಮ್ಯೂನಿಕ್ಕಿನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ನೀರಿನ ಸೂಕ್ಷ್ಮ ಜೀವಿಗಳಿಗೆ ಬಣ್ಣವೊಂದನ್ನು ಬೆರೆಸಿ ನೋಡುತ್ತಿದ್ದ. ಬಣ್ಣ ಅದೇ, ಪ್ರಮಾಣವೂ ಅದೇ, ಆದರೂ ಒಂದು ದಿನ ಅವು ಬೇಗ ಸತ್ತವು, ಇನ್ನೊಂದು ದಿನ ತಡವಾಗಿ. ವ್ಯತ್ಯಾಸವಿದ್ದದ್ದು ಅಂದಂದಿನ ಬೆಳಕಿನಲ್ಲಿ! 1900ರಲ್ಲಿ ಅವನು ಇದನ್ನು ಪ್ರಕಟಿಸಿದ. ಮುಂದೆ ಪೆನಿಸಿಲಿನ್ ಮೊದಲಾದವು ಬಂದ ಸಂಭ್ರಮದಲ್ಲಿ, ರೋಗಾಣುಗಳ ಮಟ್ಟಿಗೆ ಈ ಉಪಾಯ ಮೂಲೆಗೆ ಬಿತ್ತು. ಗುಳಿಗೆ ಸೋಲುತ್ತಿರುವ ಈಗ ಮತ್ತೆ ಅದರ ನೆನಪಾಗಿದೆ.

ಇದು ನಡೆಯುವ ಬಗೆ ಹೀಗೆ. ಸೋಂಕಿನ ಜಾಗಕ್ಕೆ ಮಿಥಿಲೀನ್ ನೀಲಿಯಂಥ ಬಣ್ಣ ಹಚ್ಚಿ, ಅದು ರೋಗಾಣುವಿಗೆ ಅಂಟಿಕೊಳ್ಳುವವರೆಗೆ ಕೆಲವು ನಿಮಿಷ ಕಾದು, ಮೇಲೆ ಕೆಂಪು ಬೆಳಕು ಹಾಯಿಸುತ್ತಾರೆ. ಬಣ್ಣ ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ನಾವು ಉಸಿರಾಡುವ ಅದೇ ಆಮ್ಲಜನಕ ಆಗ ಕೆರಳಿ, ಎದುರಿಗೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಅದರ ಆಯುಷ್ಯ ಸೆಕೆಂಡಿನ ಲಕ್ಷಾಂತರ ಭಾಗದಲ್ಲೊಂದು ಮಾತ್ರ. ಅಷ್ಟರೊಳಗೆ ಅದು ದೂರ ಹೋಗಲಾರದು. ಆದ್ದರಿಂದ ಬಣ್ಣ ಅಂಟಿದಲ್ಲೇ ಹೆಚ್ಚು ಕೇಡು. ರೋಗಾಣುವಿನ ಪೊರೆ, ಸಸಾರಜನಕ, ವಂಶತಂತು ಎಲ್ಲಕ್ಕೂ ಒಮ್ಮೆಗೇ ಪೆಟ್ಟು. ಒಂದು ಬಾಗಿಲಿಗೆ ಅಗಳಿ ಹಾಕಿಕೊಳ್ಳಬಹುದು, ನಾಲ್ಕೂ ಗೋಡೆಗೆ ಬೆಂಕಿ ಬಿದ್ದರೆ ಏನು ಮಾಡೀತು? ಇದಕ್ಕೆ ಒಗ್ಗಿಕೊಳ್ಳುವುದು ರೋಗಾಣುವಿಗೆ ಬಹು ಕಷ್ಟ.

ಈಗ ನಮ್ಮ ಅರಿಷಿಣಕ್ಕೆ ಬರೋಣ. ಅದರ ಹಳದಿಯಾದ ಕರ್ಕ್ಯುಮಿನ್ ಕೂಡ ಇಂಥ ಬಣ್ಣವೇ, ನೀಲಿ ಬೆಳಕಿಗೆ ಎಚ್ಚರಗೊಳ್ಳುತ್ತದೆ. ಬಾಯಿಯ ಸೋಂಕುಗಳ ಮೇಲೆ ಅದರ ಪ್ರಯೋಗಗಳು ಬ್ರೆಜಿಲ್ ದೇಶದಲ್ಲಿ ನಡೆದಿವೆ. ಸಾಂಗಲಿಯ ಪೇಟೆಯನ್ನು ನೆರೆಯಲ್ಲೇ ಇಟ್ಟುಕೊಂಡ ನಮ್ಮವರಿಗೆ ಇದು ಹೆಮ್ಮೆಯ ಸಂಗತಿ ಎನ್ನಿಸಬಹುದು. ಆದರೆ ಅರಿಷಿಣ ಪುಡಿ ಮೆತ್ತಿ ಬಿಸಿಲಿಗೆ ಕಾಲು ಚಾಚಿ ಕುಳಿತರೆ ಇದೇ ಚಿಕಿತ್ಸೆ ಆಯಿತೆಂದು ದಯವಿಟ್ಟು ತಿಳಿಯಬೇಡಿ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಕೆಲವೇ ಪಾಲು, ಅದೂ ನೀರಿನಲ್ಲಿ ಕರಗಲೊಲ್ಲದು. ಪುಡಿಯಲ್ಲೇ ಧೂಳು, ರೋಗಾಣು ಇರಬಹುದು. ಸಕ್ಕರೆ ಬೇನೆಯಿಂದ ಸ್ಪರ್ಶ ಕುಂದಿದ ಪಾದಕ್ಕೆ ಬಿಸಿಲು ಸುಟ್ಟದ್ದೂ ತಿಳಿಯದು.

ಬೆಳಕಿಗೂ ಒಂದು ಮಿತಿಯಿದೆ. ಕೆಂಪು ಬೆಳಕು ಮೈಯೊಳಗೆ ಹೊಕ್ಕು ಕೆಲಸ ಮಾಡುವುದು ಕೆಲವು ಮಿಲಿಮೀಟರ್ ಮಾತ್ರ, ನೀಲಿ ಇನ್ನೂ ಕಡಿಮೆ. ರಕ್ತಕ್ಕೇರಿದ ನಂಜಿಗೆ, ಎಲುಬಿನ ಆಳದ ಕೀವಿಗೆ, ವಿಷಮಶೀತ ಜ್ವರಕ್ಕೆ ಇದು ನಡೆಯದು. ಕೆನಡಾದ ವ್ಯಾಂಕೂವರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಮೂಗಿನೊಳಗೆ ಮಿಥಿಲೀನ್ ನೀಲಿ ಹಚ್ಚಿ ಕೆಂಪು ಬೆಳಕು ಬಿಟ್ಟು, ಅಲ್ಲಿ ಅಡಗಿದ ರೋಗಾಣುಗಳನ್ನು ಕೊಲ್ಲುವ ಪದ್ಧತಿ ಬಂತು. ಗಾಯದ ಸೋಂಕು ಇಳಿಯಿತೆಂದು 2014ರಲ್ಲಿ ವರದಿಯಾಯಿತು. ವಸಡಿನ ರೋಗಕ್ಕೂ ಕೆಲವು ದಂತವೈದ್ಯರು ಇದನ್ನು ಇತರ ಚಿಕಿತ್ಸೆಯ ಜೊತೆಗೆ ಬಳಸುತ್ತಾರೆ. ತಂಬಾಕು ವಸಡನ್ನು ಕೆಡಿಸುತ್ತದೆಂದು ನಿಪ್ಪಾಣಿಯವರಿಗೆ ನಾನು ಬೇರೆ ಹೇಳಬೇಕೆ! ಪಾದದ ಹುಣ್ಣಿಗೆ ಪ್ರಯೋಗಗಳಾಗಿದ್ದರೂ, ಅದು ಎಲ್ಲ ದವಾಖಾನೆಯಲ್ಲಿ ಸಿಗುವ ಮದ್ದಾಗಿಲ್ಲ.

ಆದಕಾರಣ ಗುಳಿಗೆಗಳ ಬಲವನ್ನು ಕಾಯ್ದುಕೊಳ್ಳಬೇಕಾಗಿದೆ. ಮನೆಯಲ್ಲಿ ಸಕ್ಕರೆ ಬೇನೆಯವರಿದ್ದರೆ ಅವರ ಅಂಗಾಲನ್ನು ದಿನಕ್ಕೊಮ್ಮೆ ನೋಡಿ, ಬೆರಳ ಸಂದುಗಳನ್ನೂ ಬಿಡಬೇಡಿ. ಸಣ್ಣ ಗಾಯವಿದ್ದರೂ ಶುದ್ಧ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಚಿಕ್ಕೋಡಿಯ ಅಂಗಡಿಯಲ್ಲಿ ಕೊಂಡರೂ, ಊರ ಸಂತೆಯ ಬದಿಯಲ್ಲಿ ಕೊಂಡರೂ, ಗುಳಿಗೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಎಳೆದಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ನುಂಗಬಾರದು. ಈ ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರವನ್ನು ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿತು.