ನಡೆದು ನೋಡಿ ನಮ್ಮ ನಿಪ್ಪಾಣಿ

ಪ್ರವಾಸ ಅಂದಕೂಡಲೇ ಗೆಳೆಯರ ಬಾಯಲ್ಲಿ ಗೋವಾ, ಹಂಪಿ, ಮಹಾಬಳೇಶ್ವರ ಬರುತ್ತವೆ. ನಿಪ್ಪಾಣಿ ಅಂದರೆ ‘ಅಲ್ಲೇನೈತಿ, ಬರೀ ತಂಬಾಕಿನ ಘಾಟು’ ಎಂದು ನಗುತ್ತಾರೆ. ಚಿಕ್ಕೋಡಿ ಕಡೆಯವನಾದ ನಾನು ಸ್ಪರ್ಧಾತ್ಮಕ ಪರೀಕ್ಷೆಗಾಗಿ ಪ್ಲಾಸಿ ಕದನದಿಂದ ದಂಡಿ ಯಾತ್ರೆಯವರೆಗೆ ಎಲ್ಲ ಇಸವಿ ಬಾಯಿಪಾಠ ಮಾಡಿದ್ದೇನೆ. ಪಕ್ಕದ ಊರಿನ ಕಥೆ ಮಾತ್ರ ಯಾವ ಗೈಡ್‌ನಲ್ಲೂ ಸಿಗಲಿಲ್ಲ. ಹಾಗಾಗಿ ನೋಟ್‌ಬುಕ್ಕಿನ ಹಾಳೆಯಲ್ಲಿ ನಾನೇ ಒಂದು ದಾರಿ ಬರೆದುಕೊಂಡು, ಒಂದು ದಿನ ಪೂರ್ತಿ ನಿಪ್ಪಾಣಿಯನ್ನು ನಡೆದು ನೋಡಿದೆ.

ಮೊದಲು ನಿಪಾಣಕರ ವಾಡೆ. ಪೇಶ್ವೆಗಳ ಕೊನೆಗಾಲದಲ್ಲಿ ಹೆಸರು ಮಾಡಿದ ಸರದಾರ ಸಿದ್ದೋಜಿರಾವ್ ನಿಪಾಣಕರರ ಮನೆತನದ್ದು. ಊರಿನ ಗದ್ದಲದ ನಡುವೆ ಇಂಥದ್ದೊಂದು ವಾಡೆ ಇದೆ ಎಂಬುದೇ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ತಂಬಾಕಿನ ವಖಾರಿಗಳು. ಘಾಟು ಮೂಗಿಗೆ ಬಡಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನನ್ನ ಅವ್ವ ಬೀಡಿ ಕಟ್ಟುತ್ತಾಳೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ತಂಬಾಕು ಆರೋಗ್ಯಕ್ಕೆ ಹಾನಿಕರ ಎಂಬುದು ನಿಜ. ಅದೇ ತಂಬಾಕಿನಿಂದ ನನ್ನ ಡಿಗ್ರಿ ಮುಗಿಯಿತು ಎಂಬುದೂ ನಿಜ. ಇಲ್ಲಿನ ತಂಬಾಕು ಕಾರ್ಮಿಕ ಮಹಿಳೆಯರು ಸಂಘ ಕಟ್ಟಿ ಹಕ್ಕು ಕೇಳಿದ್ದನ್ನು ಛಾಯಾ ದಾತಾರ್ 1989ರಲ್ಲಿ ಇಂಗ್ಲಿಷ್ ಪುಸ್ತಕವಾಗಿಯೇ ಬರೆದಿದ್ದಾರೆ. ವಖಾರಿಯ ಹೊರಗೆ ಕುಳಿತಿದ್ದ ಅಜ್ಜಿಯೊಬ್ಬರು, ‘ನೌಕರಿ ಸಿಕ್ತೇನಪಾ?’ ಎಂದು ಕೇಳಿದರು. ‘ಇನ್ನೂ ಇಲ್ಲಬೇ’ ಅಂದೆ. ‘ಸಿಗತೈತಿ, ಓದು ಬಿಡಬ್ಯಾಡ’ ಎಂದರು.

ಮೂರನೆಯದು ಪುಣೆ–ಬೆಂಗಳೂರು ಹೆದ್ದಾರಿ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಶರದ್ ಜೋಶಿ ನೇತೃತ್ವದಲ್ಲಿ ಈ ರಸ್ತೆಯನ್ನೇ ತಡೆದು ಕುಳಿತಿದ್ದರು. ಏಪ್ರಿಲ್ 6ರ ಗೋಲಿಬಾರ್‌ನಲ್ಲಿ ಹಲವು ರೈತರು ಪ್ರಾಣ ಬಿಟ್ಟರು. ಈಗ ಅದೇ ರಸ್ತೆಯಲ್ಲಿ ಲಾರಿಗಳು ನಿಲ್ಲದೆ ಓಡುತ್ತವೆ.

ಇದೇ ಊರಿಗೆ 1925ರ ಏಪ್ರಿಲ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಬಂದಿದ್ದರು. ಮುಂಬೈ ಪ್ರಾಂತದ ಶೋಷಿತ ವರ್ಗಗಳ ಸಮ್ಮೇಳನ ಇಲ್ಲಿಯೇ ನಡೆಯಿತು. ಆಗ ಅವರಿಗೆ 34 ಕೂಡ ತುಂಬಿರಲಿಲ್ಲ. ವಯಸ್ಸು ಮೀರುತ್ತಿದೆ ಎಂದು ಕೊರಗುವ ನಮ್ಮಂಥವರು ಇದನ್ನು ನೆನಪಿಡಬೇಕು.

ಕೊನೆಗೆ ಅರ್ಜುನನಗರ. ಇಲ್ಲಿನ ದೇವಚಂದ್ ಕಾಲೇಜಿನ ವಿಳಾಸ ಕಾಗಲ ತಾಲ್ಲೂಕು, ಕೊಲ್ಹಾಪುರ ಜಿಲ್ಲೆ, ಮಹಾರಾಷ್ಟ್ರ. ನಿಪ್ಪಾಣಿಯ ಮಕ್ಕಳು ಊರು ದಾಟಿದರೆ ರಾಜ್ಯವನ್ನೇ ದಾಟಿ ಕ್ಲಾಸಿಗೆ ಹೋಗುತ್ತಾರೆ. ಗಡಿ ಎಂದರೆ ಟಿವಿಯಲ್ಲಿ ಜಗಳ. ಇಲ್ಲಿ ಮಾತ್ರ ಕನ್ನಡ, ಮರಾಠಿ ಎರಡೂ ಒಂದೇ ಚಹಾದಂಗಡಿಯಲ್ಲಿ ಕೂರುತ್ತವೆ.

ಇಂಥ ನಡಿಗೆಗೆ ಗೈಡ್ ಬೇಡ, ದೊಡ್ಡ ಖರ್ಚೂ ಇಲ್ಲ. ಬಿಸಿಲೇರುವ ಮೊದಲೇ ಹೊರಡಿ, ನೀರಿನ ಬಾಟಲಿ ಇರಲಿ. ಕೆಲಸದಲ್ಲಿರುವವರ ಫೋಟೊ ಕೇಳಿಯೇ ತೆಗೆಯಿರಿ. ಹಿರಿಯರನ್ನು ಮಾತಾಡಿಸಿ, ಫಲಕಗಳಿಲ್ಲದ ಕಡೆ ಅವರೇ ಫಲಕ.

ನಿಪ್ಪಾಣಿಯೇ ಆಗಬೇಕೆಂದೂ ಇಲ್ಲ. ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠವಿದೆ, ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕೈಗಳಿವೆ. ಆ ಚಪ್ಪಲಿಗೆ 2019ರಲ್ಲಿ ಎರಡೂ ರಾಜ್ಯಗಳಿಗೆ ಸೇರಿ ಜಿಐ ಮಾನ್ಯತೆ ಸಿಕ್ಕಿದೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾ, ವಿದ್ವಾಂಸ ಆ.ನೇ. ಉಪಾಧ್ಯೆ ಅವರ ಹುಟ್ಟೂರು. ಕಾಗವಾಡದಲ್ಲಿ ಹಳೆಯ ಜೈನ ಬಸದಿ, ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಗುಡಿ.

ನೌಕರಿಗಾಗಿ ನಾಳೆ ನಾವು ಬೆಂಗಳೂರಿಗೋ ಪುಣೆಗೋ ಹೋಗುವವರೇ. ಅಲ್ಲಿ ಯಾರಾದರೂ ‘ನಿಮ್ಮೂರಲ್ಲಿ ಏನಿದೆ?’ ಎಂದು ಕೇಳಿಯೇ ಕೇಳುತ್ತಾರೆ. ಬಸ್ ಹತ್ತುವ ಮುನ್ನ ಒಂದು ದಿನ ನಡೆದುಬಿಡಿ.