ಬೆಸುಗೆಯ ಶತ್ರು ಗಾಳಿ

ಗೇಟು, ಗ್ರಿಲ್ಲು ಮಾಡುವ ಅಂಗಡಿಯ ಮುಂದೆ ಹಾದುಹೋಗುವಾಗ ನಮ್ಮ ಕಣ್ಣು ಹೋಗುವುದು ಕಿಡಿಗಳ ಕಡೆಗೆ. ಕಪ್ಪು ಗಾಜಿನ ಹಿಂದಿರುವ ವೆಲ್ಡರ್ ನೋಡುತ್ತಿರುವುದೇ ಬೇರೆ: ರಾಡಿನ ತುದಿಯ ಕೆಳಗೆ ಕರಗಿ ನಿಂತ, ಬಟಾಣಿಗಿಂತ ಚಿಕ್ಕದಾದ ಕಬ್ಬಿಣದ ಮಡು.

ಕರಗಿಸುವುದೇನೂ ಕಷ್ಟವಲ್ಲ. ಅಂಗಡಿಯ ಟ್ರಾನ್ಸ್‌ಫಾರ್ಮರ್ ಮಷೀನು ಲೈನಿನ ವೋಲ್ಟೇಜನ್ನು ಇಳಿಸಿ ಕರೆಂಟನ್ನು ಏರಿಸುತ್ತದೆ. ರಾಡು ಉರಿಯುವಾಗ ಇರುವುದು ಸುಮಾರು 25 ವೋಲ್ಟ್. ಹರಿಯುವುದು ಮಾತ್ರ 100 ಆಂಪಿಯರ್‌ಗೂ ಹೆಚ್ಚು. ರಾಡಿಗೂ ತಗಡಿಗೂ ನಡುವಿನ ಕೆಲವೇ ಮಿಲಿಮೀಟರ್ ಸಂದಿಯಲ್ಲಿ ಹೊತ್ತುವ ಆರ್ಕ್‌ನ ಶಾಖ 5,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗಲು 1,538 ಸಾಕು.

ತೊಡಕು ಶುರುವಾಗುವುದು ಕರಗಿದ ಮೇಲೆ. ಕಾದು ದ್ರವವಾದ ಕಬ್ಬಿಣ ಗಾಳಿಯನ್ನು ಹೀರಿಕೊಳ್ಳುತ್ತದೆ. ಆಮ್ಲಜನಕ ಹೊಕ್ಕರೆ ಬೆಸುಗೆಯೊಳಗೆ ಆಕ್ಸೈಡ್ ಕಣಗಳು ಸಿಕ್ಕಿಕೊಳ್ಳುತ್ತವೆ; ಸಾರಜನಕ ಹೊಕ್ಕರೆ ಲೋಹ ಪೆಡಸಾಗುತ್ತದೆ. ರಷ್ಯಾದ ಸ್ಲಾವ್ಯಾನೊವ್ 1888ರಲ್ಲೇ ಲೋಹದ ರಾಡಿನಿಂದ ಬೆಸೆದು ತೋರಿಸಿದ್ದ. ಆದರೆ ಬರಿಯ ರಾಡಿನ ಬೆಸುಗೆಯನ್ನು ನಂಬುವ ಹಾಗಿರಲಿಲ್ಲ. ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗ್ ಆ ರಾಡಿಗೆ ಖನಿಜಗಳ ಲೇಪ ಕೊಟ್ಟ. ಲೇಪ ಉರಿದು ಹೊಗೆಯಾಗಿ ಗಾಳಿಯನ್ನು ತಳ್ಳುತ್ತದೆ, ಉಳಿದದ್ದು ಕರಗಿ ಬೆಸುಗೆಯ ಮೇಲೆ ಹೊದಿಕೆಯಾಗುತ್ತದೆ. ಆರಿದ ಮೇಲೆ ಹುಡುಗರು ಚೂಪು ಸುತ್ತಿಗೆಯಿಂದ ಟಕಟಕ ಉದುರಿಸುವ ಕಪ್ಪು ಸ್ಲ್ಯಾಗ್ ಅದೇ. ಷೆಲ್‌ಬರ್ಗ್ 1904ರಲ್ಲಿ ಕಟ್ಟಿದ ಕಂಪನಿ ಎಸಾಬ್ ಇವತ್ತಿಗೂ ರಾಡು ಮಾರುತ್ತಿದೆ.

ಮುಂದೆ ಬಂದ ಮಷೀನುಗಳಲ್ಲಿ ಬಹಳಷ್ಟು ಈ ಕಾವಲಿನ ಕೆಲಸವನ್ನೇ ಬೇರೆ ಬೇರೆ ರೀತಿಯಲ್ಲಿ ಮಾಡುತ್ತವೆ. ಟಿಗ್ ಎಂಬ ವಿಧಾನದಲ್ಲಿ ಆರ್ಗಾನ್ ಅನಿಲ ಸುತ್ತ ಕವಿದಿರುತ್ತದೆ. ಹಾಲಿನ ಡೇರಿಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಿಗೆ ಬೇಕಾದ ನುಣುಪು ಬೆಸುಗೆ ಬರುವುದು ಅದರಿಂದ. ಆದರೆ ಬಯಲಿನಲ್ಲಿ ಗಾಳಿ ಬೀಸಿದರೆ ಅನಿಲ ಹಾರಿಹೋಗುತ್ತದೆ. ಕಟ್ಟಡದ ಕೆಲಸಕ್ಕೆ ಹಳೆಯ ರಾಡೇ ಗತಿಯಾಗಿರುವುದಕ್ಕೆ ಇದೂ ಒಂದು ಕಾರಣ. ಕಾರಿನ ಕಾರ್ಖಾನೆಯಲ್ಲಿ ರೋಬಾಟು ಎರಡು ತಗಡುಗಳನ್ನು ತಾಮ್ರದ ತುದಿಗಳ ನಡುವೆ ಒತ್ತಿ ಹಿಡಿದು, ಅರೆಕ್ಷಣ ಸಾವಿರಾರು ಆಂಪಿಯರ್ ಹರಿಸುತ್ತದೆ. ತಗಡುಗಳ ನಡುವಿನ ಚುಕ್ಕಿ ಕರಗಿ ಅಂಟಿಕೊಳ್ಳುತ್ತದೆ, ಅಲ್ಲಿಗೆ ಗಾಳಿಗೆ ಪ್ರವೇಶವೇ ಇಲ್ಲ. ಒಂದು ಕಾರಿನ ಉಕ್ಕಿನ ಒಡಲಿನಲ್ಲಿ ಇಂಥ ಚುಕ್ಕಿಗಳು ಸಾವಿರಗಟ್ಟಲೆ. ಇಂಗ್ಲೆಂಡಿನಲ್ಲಿ 1991ರಲ್ಲಿ ಕಂಡುಹಿಡಿದ ಫ್ರಿಕ್ಷನ್ ಸ್ಟಿರ್ ಬೆಸುಗೆಯಂತೂ ಲೋಹವನ್ನು ಕರಗಿಸುವುದೇ ಇಲ್ಲ. ತಿರುಗುವ ಗೂಟವೊಂದು ಎರಡು ಅಂಚುಗಳನ್ನು ಮೆತ್ತಗೆ ಮಾಡಿ ಕಲಸುತ್ತದೆ. ರಾಕೆಟ್ಟಿನ ಅಲ್ಯೂಮಿನಿಯಂ ಟ್ಯಾಂಕುಗಳಿಗೆ ಇದು ಚೆನ್ನಾಗಿ ಒಗ್ಗಿದೆ.

  

ದಪ್ಪ ಉಕ್ಕಿನ ಬಾಯ್ಲರು, ಒತ್ತಡದ ಟ್ಯಾಂಕುಗಳ ಕೆಲಸದಲ್ಲಿ ಗಾಳಿಯ ತೇವವೂ ಶತ್ರುವೇ. ಲೇಪ ಹೀರಿಕೊಂಡ ನೀರು ಆರ್ಕಿನಲ್ಲಿ ಒಡೆದು ಜಲಜನಕವಾಗಿ ಬೆಸುಗೆಯೊಳಗೆ ಸೇರುತ್ತದೆ. ಅದಕ್ಕೇ ಅಲ್ಲಿನ ರಾಡುಗಳನ್ನು ಮೊದಲು 300 ಡಿಗ್ರಿಗೂ ಮೇಲಿನ ಶಾಖದ ಒಲೆಯಲ್ಲಿ ಒಣಗಿಸಿ, ಬಿಸಿಯಾಗಿಯೇ ವೆಲ್ಡರನ ಕೈಗೆ ಕೊಡುತ್ತಾರೆ. ಜಲಜನಕ ತರುವ ಬಿರುಕು ತಕ್ಷಣ ಕಾಣುವುದಿಲ್ಲ, ಬೆಸುಗೆ ತಣ್ಣಗಾಗಿ ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಬಾಯಿಬಿಡುತ್ತದೆ. ಇಂಥ ಉಕ್ಕಿನ ಬೆಸುಗೆಯನ್ನು ಎಷ್ಟೋ ಕಡೆ 48 ಗಂಟೆ ಕಾದ ನಂತರವೇ ಪರೀಕ್ಷೆಗೆ ಒಡ್ಡುತ್ತಾರೆ.