ವಿದ್ಯಾರ್ಥಿನಿಲಯದ ಜೀರ್ಣೋದ್ಧಾರ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅದರ ಮಹಾರಾಜ ಕಾಲೇಜಿನ ಹಳೆಯ ವಿದ್ಯಾರ್ಥಿನಿಲಯದಂತಹ ಕಟ್ಟಡಗಳನ್ನು ಸರಿಪಡಿಸುವಾಗ ಎರಡು ಧರ್ಮಗಳು ಪರಸ್ಪರ ವಿರುದ್ಧವೆಂದು ತೋರುವುವು: ವಾಸಿಸುವವರ ಪ್ರಾಣರಕ್ಷಣೆಯೊಂದು, ಪೂರ್ವರೂಪದ ರಕ್ಷಣೆಯೊಂದು. ಅದೇ ನಗರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರಲ್ಲಿ ಕುಸಿದು ನಾಲ್ವರು ಮಡಿದುದನ್ನು ನೆನೆದರೆ ಮೊದಲನೆಯದನ್ನು ಅಲಕ್ಷಿಸುವಂತಿಲ್ಲ.

ಆದರೆ ಈ ವಿರೋಧವು ಬಹುಮಟ್ಟಿಗೆ ಆಭಾಸವೇ. ಹಳೆಯ ಕಟ್ಟಡಗಳ ಗೋಡೆಗಳು ಸಾಮಾನ್ಯವಾಗಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣವು ಒಳಸೇರಿದ ತೇವವನ್ನು ಹೊರಬಿಡುವುದು. ಅದರ ಮೇಲೆ ಸಿಮೆಂಟನ್ನು ಬಳಿದರೆ, ಗೋಡೆಯು ಹೊಸದಾಗಿ ಕಂಡರೂ, ತೇವವು ಒಳಗೇ ನಿಂತು ಇಟ್ಟಿಗೆಯೂ ಗೋಡೆಯಲ್ಲಿ ಹುದುಗಿದ ತೊಲೆಯ ತುದಿಯೂ ಶಿಥಿಲವಾಗುವುವು. ಆದುದರಿಂದ ಪೂರ್ವದ್ರವ್ಯದ ರಕ್ಷಣೆಯೇ ದಾರ್ಢ್ಯಕ್ಕೂ ಕಾರಣವು.

ಗ್ರಂಥಸಂಪಾದಕನ ಕ್ರಮವು ಇಲ್ಲಿ ಅನುಸರಣೀಯ. ಓಲೆಗರಿಯಲ್ಲಿ ಅಕ್ಷರಗಳು ಲುಪ್ತವಾದೆಡೆ ಮಾತ್ರ ಆತನು ಪೂರಣಮಾಡಿ, ಅದನ್ನು ಕಂಸದಲ್ಲಿಟ್ಟು ತೋರಿಸುವನು, ಅರ್ಥವಾಗದುದನ್ನು ತಿದ್ದಿಬಿಡನು. ಹಾಗೆಯೇ ಸ್ಥಪತಿಯೂ ಇದ್ದುದನ್ನು ಮೊದಲು ಅಳೆದು ಬರೆದಿಟ್ಟು, ಕೊಳೆತ ತೊಲೆಯನ್ನಷ್ಟೇ ಬದಲಿಸಬೇಕು. ಸ್ನಾನಗೃಹ, ವಿದ್ಯುತ್ತಂತಿ ಮೊದಲಾದ ಹೊಸ ಸೌಕರ್ಯಗಳು ಅವಶ್ಯವೇ. ಅವು ಮೂಲಕ್ಕೆ ಹಾನಿಯಾಗದಂತೆ, ಮುಂದೆ ತೆಗೆಯಲು ಬರುವಂತೆ ಇರತಕ್ಕುದು. ಜನರಿಲ್ಲದ ಮನೆಯು ಬೇಗ ಜೀರ್ಣವಾಗುವುದರಿಂದ ವಿದ್ಯಾರ್ಥಿಗಳ ವಾಸವೂ ಸಂರಕ್ಷಣೆಯ ಒಂದು ಅಂಗವೇ ಸರಿ.